ಗಾಡಿ ನಿಲ್ಲಿಸೋಕೆ ಜಾಗ ಕೊಡಿ ಸ್ವಾಮಿ

"ನಮ್ಮ ಜನಕ್ಕೆ ಕ್ಯಾಂಪಿಂಗ್ ಗೊತ್ತಿಲ್ಲ ಕಣೋ, ಅದಕ್ಕೊಂದು ಕಲ್ಚರ್ ಬೇಕು" ಅಂತ ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಅಪ್ಪಣೆ ಕೊಡಿಸಿದ. ಕಾಫಿ ಗಂಟಲಲ್ಲೇ ನಿಂತಿತು. ಅಲ್ಲೇ ಜಗಳ ಆಡೋಕೆ ಆಗಲಿಲ್ಲ, ಮೀಟಿಂಗ್ ಇತ್ತು. ಈಗ ಆಡ್ತೀನಿ.

ಪ್ರಾಜೆಕ್ಟಿಗೆಂದು ಆರು ತಿಂಗಳು ಮಿಷಿಗನ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಒಂದು ಶನಿವಾರ ತಮ್ಮ ಸಂಸಾರದ ಜೊತೆ ಕೆರೆ ದಂಡೆಗೆ ಕರೆದುಕೊಂಡು ಹೋಗಿದ್ದರು. ಕಾರಿನ ಹಿಂದೆ ಪೆಟ್ಟಿಗೆಯಂಥ ಒಂದು ಟ್ರೇಲರ್. ಪಾಪ್-ಅಪ್ ಕ್ಯಾಂಪರ್ ಅಂತಾರೆ. ಇಪ್ಪತ್ತು ವರ್ಷ ಹಳೆಯದು. ಹ್ಯಾಂಡಲ್ ತಿರುಗಿಸಿದರೆ ತಂತಿ ಹಗ್ಗ ಎಳೆದು ನಾಲ್ಕು ಮೂಲೆಯ ಕಂಬ ಏಳುತ್ತವೆ, ಚಾವಣಿ ಮೇಲೆ ಹೋಗುತ್ತದೆ. ಆಮೇಲೆ ಎರಡೂ ಕಡೆ ಡ್ರಾಯರ್ ಎಳೆದ ಹಾಗೆ ಮಂಚ ಎಳೆಯಬೇಕು, ಸುತ್ತ ಕ್ಯಾನ್ವಾಸ್ ಗೋಡೆ. ಆ ಕ್ಯಾನ್ವಾಸು ಮುಗ್ಗಲು ವಾಸನೆ ಹೊಡೀತಿತ್ತು, ಒಂದು ಕಡೆ ತೇಪೆ ಬೇರೆ. ಯಾರಿಗೂ ಅದರ ಚಿಂತೆ ಇರಲಿಲ್ಲ. ಮಕ್ಕಳು ಮಂಚದ ಮೇಲೆ, ನಾವು ಬೆಂಕಿ ಸುತ್ತ.

ನನಗೆ ಮಾತ್ರ ನೋಡಿದ ತಕ್ಷಣ ನೆನಪಾಗಿದ್ದು ಮೂಗೂರಿನ ನಮ್ಮ ತಾತನ ಕಮಾನು ಗಾಡಿ.

ನಾನು ಅದರಲ್ಲಿ ಕೂತವನಲ್ಲ. ನಾನು ಹುಟ್ಟೋ ಹೊತ್ತಿಗೆ ಎತ್ತು ಮಾರಿಯಾಗಿತ್ತು. ಆದರೆ ಅಜ್ಜಿ ಹೇಳಿ ಹೇಳಿ ಆ ಪಯಣ ಬಾಯಿಪಾಠ ಆಗಿದೆ. ಸಂಕ್ರಾಂತಿ ಕಳೆದು ಒಕ್ಕಣೆ ಮುಗಿದ ಮೇಲೆ ಮುಡುಕುತೊರೆ ಜಾತ್ರೆ. ದನಗಳ ಜಾತ್ರೆಯೂ ಹೌದು, ಹಾಗಾಗಿ ನಾಕೈದು ದಿನದ ಬಿಡಾರ. ಬಗ್ಗಿಸಿದ ಬಿದಿರ ದಬ್ಬೆಗೆ ಚಾಪೆ ಕಟ್ಟಿ ಕಮಾನು ಕೂರಿಸಬೇಕು. ಒಳಗೆ ದಪ್ಪಗೆ ಹುಲ್ಲು, ಮೇಲೆ ಜಮಖಾನ. ಕಾವೇರಿ ದಂಡೇಲಿ ಎತ್ತು ಬಿಚ್ಚಿ, ಮೂಕಿಗೆ ಊರುಗೋಲು ಕೊಟ್ಟು, ಚಕ್ರಕ್ಕೆ ಕಲ್ಲಿಟ್ಟರೆ ಮನೆ ರೆಡಿ. ಹೆಂಗಸರು ಮಕ್ಕಳು ಗಾಡಿಯೊಳಗೆ, ಗಂಡಸರು ಗಾಡಿ ಕೆಳಗೆ. ಮೂರು ಕಲ್ಲಿನ ಒಲೆ ಮೇಲೆ ಅವರೆಕಾಳು ಸಾರು, ಬುತ್ತಿಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಜಾತ್ರೆ ಮುಗಿಸಿ ಊರಿಗೆ ಬಂದರೆ ಕಮಾನು ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೆ. ಮಾರನೇ ದಿನ ಅದೇ ಗಾಡೀಲಿ ಗೊಬ್ಬರ! ಇದಕ್ಕಿಂತ ಪಾಪ್-ಅಪ್ ಬೇಕಾ?

ಹಾಗಾದರೆ ವ್ಯತ್ಯಾಸ ಎಲ್ಲಿ? ಮಿಷಿಗನ್‌ನಲ್ಲಿ ಆ ಹಳೇ ಪೆಟ್ಟಿಗೆ ನಿಲ್ಲಿಸಿದ್ದು ಸರ್ಕಾರಿ ಪಾರ್ಕಿನಲ್ಲಿ. ನಂಬರ್ ಹಾಕಿದ ಜಾಗ, ಒಂದು ಮೇಜು, ಬೆಂಕಿಗೆ ಕಬ್ಬಿಣದ ಬಳೆ, ನಲ್ಲಿ, ಸ್ವಲ್ಪ ದೂರದಲ್ಲಿ ಶೌಚಾಲಯ. ದುಡ್ಡು ಕಟ್ಟಿ, ಮಲಗಿ, ಎದ್ದು ಹೋಗಿ. ಅಷ್ಟೆ.

ಹೋದ ವರ್ಷ ಅಜ್ಜಿಯನ್ನೂ ಕರೆದುಕೊಂಡು ಮೈಸೂರು ಕಡೆಯ ಒಂದು ಕೆರೆಗೆ ಹೋಗಿದ್ದೆವು. ಹೆಸರು ಬೇಡ. ಟೆಂಟು, ಸ್ಟವ್ವು ಎಲ್ಲ ಹೊತ್ತಿದ್ದೆವು. ಆರು ಗಂಟೆಗೆ ಸೀಟಿ ಊದಿಕೊಂಡು ಒಬ್ಬರು ಬಂದರು, ಎದ್ದೇಳಿ ಅಂದರು. ಅವರ ಡ್ಯೂಟಿ, ಅವರನ್ನ ಬೈಯೋಕೆ ಹೋಗಲ್ಲ. ಆದರೆ ಎದುರು ದಂಡೆಯ ರೆಸಾರ್ಟಿನ ಟೆಂಟುಗಳಲ್ಲಿ ಆಗ ತಾನೇ ದೀಪ ಹತ್ತುತ್ತಿತ್ತು. ಅಲ್ಲಿ ರಾತ್ರಿ ಇರಬಹುದಂತೆ, ತಲೆಗೆ ಇಷ್ಟು ಸಾವಿರ ಅಂತ ಕೊಟ್ಟರೆ. ಅಜ್ಜಿ ಕೇಳಿದ್ದು: "ಯಾಕ್ ಮಗ, ಕೆರೆಗೂ ಬೀಗ ಹಾಕ್ಬುಟ್ಟವ್ರಾ?"

ಕಾರಣ ಇಲ್ಲದೇ ಇಲ್ಲ, ಒಪ್ಪುತ್ತೇನೆ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ನಮ್ಮ ತಿ.ನರಸೀಪುರ ತಾಲ್ಲೂಕಿನಲ್ಲೇ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಆ ಚಳಿಗಾಲ ಕತ್ತಲಾದ ಮೇಲೆ ಊರಿನಲ್ಲಿ ಯಾರೂ ಹೊಲದ ಕಡೆ ತಲೆ ಹಾಕುತ್ತಿರಲಿಲ್ಲ. ನೀರಿನಲ್ಲಿ ಮುಳುಗಿ ಸಾಯುವವರೂ ಇದ್ದಾರೆ. ಬಾಟಲಿ ಒಡೆದು ಹೋಗುವ ಗಂಡುಗಲಿಗಳಂತೂ ಕೇಳಲೇಬೇಡಿ. ಆದರೆ ಬೇಲಿ, ದೀಪ, ಕಾವಲು, ಇಳಿಯಬೇಡಿ ಅನ್ನೋ ಹಗ್ಗ ಇವೆಲ್ಲ ರೆಸಾರ್ಟಿಗೆ ಸಾಧ್ಯ ಆದರೆ ಪಂಚಾಯಿತಿಗೆ ಯಾಕಾಗಲ್ಲ? ಸೀಟಿ ಊದಿ ಸಂಸಾರಸ್ಥರನ್ನ ಓಡಿಸಿದ ಮೇಲೆ ಕತ್ತಲಲ್ಲಿ ಉಳಿಯೋರು ಆ ಬಾಟಲಿ ಗಿರಾಕಿಗಳೇ.

ಆಗಲ್ಲ ಅನ್ನೋರಿಗೆ ನಮ್ಮೂರ ಪಕ್ಕದಲ್ಲೇ ಉತ್ತರ ಇದೆ. ಕಾವೇರಿ ಕಪಿಲೆ ಸೇರೋ ತಿ.ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೀತಿದೆ. 2025ರ ಫೆಬ್ರವರಿಯಲ್ಲೂ ಮೂರು ದಿನ ನಡೆಯಿತು. ಆಗ ಲೈಟು, ತಾತ್ಕಾಲಿಕ ಶೌಚಾಲಯ, ಪೊಲೀಸು, ಈಜುಗಾರರು ಎಲ್ಲ ಬಂದರು. ಲಕ್ಷ ಜನಕ್ಕೆ ಮಾಡೋರು ಇಪ್ಪತ್ತು ಸಂಸಾರಕ್ಕೆ ಶನಿವಾರ ಶನಿವಾರ ಮಾಡೋಕಾಗಲ್ವಾ? ನೂರಿನ್ನೂರು ಬಾಡಿಗೆ ಇಡಿ. ಕಸ ಬಿಟ್ಟು ಹೋದರೆ ವಾಪಸ್ ಕೊಡಲ್ಲ ಅಂತ ಐನೂರು ಡೆಪಾಸಿಟ್ ಇಟ್ಟುಕೊಳ್ಳಿ. ಯಾರು ಬೇಡ ಅಂದರು?

ಅದು ಬಿಟ್ಟು ಕ್ಯಾರವಾನು, ಕ್ಯಾರವಾನು ಅಂತ ಜಪ. ಕೇರಳ 2021ರಲ್ಲಿ 'ಕೆರವಾನ್ ಕೇರಳ' ಅಂತ ಶುರು ಮಾಡಿತು, ನಮ್ಮಲ್ಲೂ ಅದೇ ಮಾತು. ಎಸಿ, ಮಂಚ, ಫ್ರಿಜ್ಜು, ಟಾಯ್ಲೆಟ್ಟು ಇರೋ ಬಸ್ಸು. ಚೆನ್ನಾಗಿದೆ, ಇರಲಿ. ಟಾಯ್ಲೆಟ್ಟನ್ನ ಚಕ್ರದ ಮೇಲೆ ಹೊತ್ತು ತಿರುಗಬೇಕಾಗಿ ಬಂದಿರೋದೇ ದಂಡೇಲಿ ಒಂದು ಇಲ್ಲದಿರೋದಕ್ಕೆ ಅಂತ ಯಾರಿಗೂ ಹೊಳೆಯಲ್ವಾ?

ಈ ಸಲ ಊರಿಗೆ ಹೋದಾಗ ಅಟ್ಟದಿಂದ ತಾತನ ಕಮಾನು ಇಳಿಸಿದೆ. ಎರಡು ದಬ್ಬೆಗೆ ಗೆದ್ದಲು, ಮಿಕ್ಕಿದ್ದು ಗಟ್ಟಿ. ಚಿಕ್ಕಪ್ಪನ ಟಾಟಾ ಏಸ್ ಮೇಲಿಟ್ಟು ಟೇಪು ಹಿಡಿದೆವು. ಅಗಲದಲ್ಲಿ ಒಂದು ಗೇಣು ವ್ಯತ್ಯಾಸ, ದಬ್ಬೆ ಸ್ವಲ್ಪ ಎಳೆದು ಕಟ್ಟಿದರೆ ಕೂರುತ್ತೆ :) ಅಜ್ಜಿ ಜಗಲಿ ಮೇಲೆ ಕೂತು ನೋಡ್ತಾ ಇದ್ದವರು, ಹುಲ್ಲು ನಾನೇ ಹಾಸ್ತೀನಿ, ನಿಮಗೆ ಬರಲ್ಲ ಅಂದರು. ಆಮೇಲೆ, ಎಲ್ಲಿಗೆ ಹೋಗೋದು ಅಂತ ಕೇಳಿದರು. ನಾನೂ ಚಿಕ್ಕಪ್ಪನೂ ಮುಖ ಮುಖ ನೋಡಿಕೊಂಡೆವು.