ತಿಳಿಬಣ್ಣದ ಬಿಯರೂ ನೀರಿನ ಗುಣವೂ

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೇಲ್ಪಟ್ಟು ಇರುವುದು ನೀರೇ. ಆದರೂ ಪಾಶ್ಚಾತ್ಯ ದೇಶಗಳಲ್ಲಿ ಮನೆಯಲ್ಲಿಯೇ ಬಿಯರನ್ನು ತಯಾರಿಸುವ ಹವ್ಯಾಸಿಗಳಲ್ಲಿ ಕೆಲವರು ಹೆಸರಾಂತ ಊರೊಂದರ ನೀರಿನ ಲವಣಪಟ್ಟಿಯನ್ನು ಮುಂದಿಟ್ಟುಕೊಂಡು, ತಮ್ಮ ನೀರಿಗೆ ಪೊಟ್ಟಣದಿಂದ ಲವಣಗಳನ್ನು ಸುರಿಯುತ್ತಾರೆ. ಈ ಅನುಕರಣೆಯನ್ನು ವಿಜ್ಞಾನವೆನ್ನಲು ನಾವು ಒಪ್ಪಲಾರೆವು.

ಬೊಹೀಮಿಯದ ಪಿಲ್ಸನ್ ನಗರದಲ್ಲಿ 1842ರಲ್ಲಿ ಜೋಸೆಫ್ ಗ್ರೋಲ್ ಎಂಬಾತನು ಹೊಂಬಣ್ಣದ ಬಿಯರನ್ನು ತಯಾರಿಸಿದನು. ಅಲ್ಲಿಯ ನೀರು ಅತಿ ಮೆದು. ಲೀಟರಿಗೆ 10 ಮಿಲಿಗ್ರಾಮಿನಷ್ಟೂ ಕ್ಯಾಲ್ಸಿಯಮ್ ಇಲ್ಲ, ಬೈಕಾರ್ಬೊನೇಟೂ ಅತ್ಯಲ್ಪ. ಬೈಕಾರ್ಬೊನೇಟ್ ತುಂಬಿದ ಮ್ಯೂನಿಕ್, ಡಬ್ಲಿನ್‌ಗಳ ನೀರಿಗಾದರೋ ಕಪ್ಪು ಬಿಯರೇ ಹೊಂದಿಕೊಂಡಿತು. ಇದಕ್ಕೆ ಕಾರಣವೇನು? ಕಪ್ಪಾಗಿ ಹುರಿದ ಮಾಲ್ಟಿನಲ್ಲಿರುವ ಆಮ್ಲವು ನೀರಿನ ಕ್ಷಾರತೆಯನ್ನು ಅಡಗಿಸುತ್ತದೆ. ತಿಳಿಬಣ್ಣದ ಮಾಲ್ಟಿಗೆ ಆ ಶಕ್ತಿ ಕಡಮೆ.

ಬಿಸಿನೀರಿನಲ್ಲಿ ನೆನೆದ ಮಾಲ್ಟಿನ ಪಿಎಚ್ 5.2ರಿಂದ 5.6ರವರೆಗೆ ಇದ್ದರೆ ಹಿತ. ಅದನ್ನು ಬಹಳ ಮೀರಿದರೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳ ಕೆಲಸ ಕುಂದುತ್ತದೆ, ಹೊಟ್ಟಿನಿಂದ ಟ್ಯಾನಿನ್ ಇಳಿದು ಬಿಯರು ಒಗರಾಗುತ್ತದೆ, ಬಣ್ಣವೂ ಮಾಸುತ್ತದೆ.

ಕ್ಯಾಲ್ಸಿಯಮ್ ಮಾಲ್ಟಿನ ಫಾಸ್ಫೇಟಿನೊಡನೆ ಕೂಡಿ ಪಿಎಚ್‌ಅನ್ನು ಇಳಿಸುವುದೇನೋ ದಿಟ. ಆದರೆ ರಾಸಾಯನಿಕ ತುಲ್ಯಾಂಶದ ಲೆಕ್ಕದಲ್ಲಿ ಒಂದು ಪಾಲು ಕ್ಷಾರತೆಗೆ ಮೂರೂವರೆ ಪಾಲು ಕ್ಯಾಲ್ಸಿಯಮ್ ಬೇಕೆಂಬುದನ್ನು ಜರ್ಮನಿಯ ಕೋಲ್‌ಬಾಖ್ 1953ರಲ್ಲಿಯೇ ತೋರಿಸಿಕೊಟ್ಟನು. ಹೀಗಿರುವಾಗ ಕ್ಷಾರಯುಕ್ತ ನೀರಿಗೆ ಜಿಪ್ಸಮ್ ಸುರಿಯುತ್ತ ಹೋಗುವುದು ದುಬಾರಿ ಉಪಾಯ.

ಬರ್ಟನ್ ಊರಿನ ಜಿಪ್ಸಮ್ ನೀರು ಪೇಲ್ ಏಲಿಗೆ ಕೀರ್ತಿ ತರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ತಂದಿತು, ಆದರೆ ಅದರ ಸಲ್ಫೇಟು ಹಾಪ್ ಹೂವಿನ ಕಹಿಯನ್ನು ಹರಿತಗೊಳಿಸುತ್ತದೆ. ಪಿಲ್ಸನ್ನಿನ ಮೃದುರುಚಿಗೆ ಆ ಹರಿತ ಸಲ್ಲದು.

ಮೊದಲು ಕಳೆಯಬೇಕು, ಆಮೇಲೆ ಕೂಡಬೇಕು ಎಂಬುದು ನಮ್ಮ ಮತ. ತಾತ್ಕಾಲಿಕ ಗಡಸುತನವಿದ್ದರೆ ನೀರನ್ನು ಕುದಿಸಿ, ತಳಕ್ಕಿಳಿದ ಸುಣ್ಣವನ್ನು ಬಿಟ್ಟು ತಿಳಿಯನ್ನು ಬಸಿದುಕೊಳ್ಳಲಿ. ಇಲ್ಲವೆ ಬಟ್ಟಿಯಿಳಿಸಿದ ನೀರನ್ನು ಬೆರೆಸಲಿ. ಉಳಿದ ಕ್ಷಾರತೆಗೆ ಲ್ಯಾಕ್ಟಿಕ್ ಆಮ್ಲವನ್ನು ಹನಿಹನಿಯಾಗಿ, ಪಿಎಚ್ ಅಳೆಯುತ್ತ ಹಾಕಲಿ. ಕೊನೆಯಲ್ಲಿ ಬೇಕೆನಿಸಿದರೆ ಕೊಂಚ ಕ್ಯಾಲ್ಸಿಯಮ್ ಕ್ಲೋರೈಡ್ ಸಾಕು. ಇದೆಲ್ಲಕ್ಕೂ ಮುನ್ನ ತಮ್ಮ ನಲ್ಲಿಯ ನೀರಿನ ವಿಶ್ಲೇಷಣೆ ಕೈಯಲ್ಲಿರಬೇಕು.

ಪಿಎಚ್ ಮಾನವನ್ನು 1909ರಲ್ಲಿ ಸೋರೆನ್‌ಸೆನ್ ರೂಪಿಸಿದುದು ಬಿಯರ್ ತಯಾರಕನೊಬ್ಬನು ಸ್ಥಾಪಿಸಿದ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ತನ್ನ ಕಸುಬಿನ ಮನೆಯಲ್ಲಿಯೇ ಹುಟ್ಟಿದ ಅಳತೆಗೋಲನ್ನು ಬಿಟ್ಟು ಪರವೂರಿನ ಲವಣಪಟ್ಟಿಯನ್ನು ನಂಬುವುದು ಬಿಯರ್ ತಯಾರಿಸುವವನಿಗೆ ಒಪ್ಪುವ ಮಾತಲ್ಲ.