ಪ್ಯಾಂಟಿನ ಜೇಬಿನ ತೋಟೆ

ಕಳೆದ ತಿಂಗಳು ಊರಿಗೆ ಹೊರಟ ಹಿಂದಿನ ರಾತ್ರಿ ಬ್ಯಾಗು ತುಂಬಿಸುತ್ತಿದ್ದೆ. ಹೆಂಡತಿ ಬಂದು ಅಂಗೈ ಚಾಚಿದಳು. "ಇದು ಎಂತದ್ದು?" ಒಗೆಯಲು ಹಾಕುವ ಮುಂಚೆ ಪ್ಯಾಂಟಿನ ಜೇಬು ತಡವಿದಾಗ ಸಿಕ್ಕಿದ್ದಂತೆ. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹಿತ್ತಾಳೆಯ ತುಂಡು, ತುದಿಯಲ್ಲಿ ಸೀಸ. ನನ್ನ ಪಾಯಿಂಟ್ ಟೂ ಟೂ ರೈಫಲಿನ ತೋಟೆ. ಹತ್ತು ದಿನ ಬಾಗಿಲ ಹಿಂದಿನ ಗೂಟದಲ್ಲಿ ನೇತಾಡಿತ್ತು. ಮಗಳಿಗೆ ಏಳು ವರ್ಷ, ಅವಳ ಕೈಗೆ ಎಟುಕುವ ಎತ್ತರ.

ಅದೇ ಪ್ಯಾಂಟು ಬ್ಯಾಗಿಗೆ ಹೋಗಿದ್ದರೆ ಬೆಳಿಗ್ಗೆ ಏರ್‌ಪೋರ್ಟಿನ ಎಕ್ಸ್‌ರೇ ಮುಂದೆ ನನ್ನ ಕಥೆ ಬೇರೆಯೇ ಆಗುತ್ತಿತ್ತು. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ತೋಟೆಗೆ ಆರ್ಮ್ಸ್ ಆಕ್ಟ್ ಕೇಸು ಬಿದ್ದು, "ಗೊತ್ತಿದ್ದು ಇಟ್ಟುಕೊಂಡದ್ದಲ್ಲ" ಎಂದು ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಂಡವರು ಹಲವರಿದ್ದಾರೆ.

ರೈಫಲ್ ಕೊಂಡ ಸುದ್ದಿ ತಿಳಿದ ಮೇಲೆ ಮೂರ್ನಾಲ್ಕು ಗೆಳೆಯರು ಫೋನ್ ಮಾಡಿದ್ದರು. "ಬೈಕುಲ್ಲಾದಲ್ಲಿ ಕೋವಿಯಾ? ಯಾವ ಹಂದಿ ಹೊಡೆಯಲಿಕ್ಕೆ ಮಾರಾಯಾ?" ಸುಳ್ಯದ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದ್ದು. ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಠೇವಣಿ ಇಡಬೇಕು. ಅಡಿಕೆ ತೋಟದ ಮಂಗಗಳಿಗೆ ಮಾತ್ರ ನೀತಿಸಂಹಿತೆ ಇಲ್ಲ ಎಂದು ಅಜ್ಜ ಪ್ರತಿ ಸಲ ಗೊಣಗುತ್ತಿದ್ದರು.

ನನ್ನದು ಗುರಿ ಹೊಡೆಯುವ ಆಟಕ್ಕೆ. 2024ರ ಆಗಸ್ಟ್ 1ರಂದು ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದು ಇದೇ ಪಾಯಿಂಟ್ ಟೂ ಟೂನಲ್ಲಿ, 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ. ಆಗ ಅವರು ನಮ್ಮ ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದರು. ಆ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್, ಗುಂಡಿನದ್ದು 5.6. ಏರ್ ರೈಫಲಿನಲ್ಲಿ ಅಥೆನ್ಸ್ ಒಲಿಂಪಿಕ್ಸಿನ ಫೈನಲ್ ತಲುಪಿದ ಸುಮಾ ಶಿರೂರು ಹುಟ್ಟಿದ್ದು ಚಿಕ್ಕಬಳ್ಳಾಪುರದಲ್ಲಿ, ಈಗ ಪನ್ವೇಲಿನಲ್ಲಿ ಕಲಿಸುತ್ತಾರೆ. ನನಗೆ ಪದಕದ ಆಸೆಯಿಲ್ಲ. ವಾರವಿಡೀ ಮೀಟಿಂಗ್ ಕೇಳಿದ ಕಿವಿಗೆ ಒಂದು ಗಂಟೆ ಉಸಿರು ಬಿಟ್ಟು ಬೇರೇನೂ ಕೇಳದಿದ್ದರೆ ಸಾಕು.

ಲೈಸೆನ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು ಕ್ಲಬ್ಬಿಗೆ ಸೇರಿ, ಕಲಿಯಿರಿ, ಆಮೇಲೆ ಅರ್ಜಿ. 1959ರ ಕಾಯ್ದೆಯ 13ನೇ ಕಲಮಿನಲ್ಲಿ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸದ .22 ರೈಫಲಿನ ಪ್ರಸ್ತಾಪ ಪ್ರತ್ಯೇಕವಾಗಿಯೇ ಇದೆ. 21 ತುಂಬಿರಬೇಕು. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿನ ಅವಧಿ ಐದು ವರ್ಷ. ಕಾಯುವ ತಾಳ್ಮೆ ಇಲ್ಲದವರು ಪಾಯಿಂಟ್ ಒನ್ ಸೆವೆನ್ ಸೆವೆನ್ ಏರ್ ರೈಫಲಿನಿಂದ ಶುರು ಮಾಡುವುದೇ ಒಳ್ಳೆಯದು. 20 ಜೂಲ್ ಒಳಗಿನದ್ದಕ್ಕೆ ಲೈಸೆನ್ಸ್ ಬೇಡ.

ಇನ್ನು ಆ ತೋಟೆ ಜೇಬಿಗೆ ಬಂದದ್ದು ಹೇಗೆ ಅಂತ. ಅಜ್ಜನ ಕೋವಿಯಲ್ಲಿ ಕೇಪನ್ನು ಹೊರಗೆ ಕೂರಿಸಬೇಕಿತ್ತು. ರಿಮ್‌ಫೈರ್ ತೋಟೆಯಲ್ಲಿ ಕೇಪಿನ ಮದ್ದು ಬುಡದ ಅಂಚಿನ ಒಳಗೇ ಸುತ್ತ ಹರಡಿರುತ್ತದೆ. ಪಿನ್ನು ಅಂಚಿಗೆ ಬಡಿದರೆ ಹೊತ್ತಿಕೊಳ್ಳುತ್ತದೆ. ಎಲ್ಲೋ ಒಂದರಲ್ಲಿ ಮದ್ದು ಸಮನಾಗಿ ಹರಡಿರುವುದಿಲ್ಲ, ಆಗ ಬರೀ 'ಟಿಕ್' ಸದ್ದು. ಅವತ್ತು ವರ್ಲಿಯ ರೇಂಜಿನಲ್ಲಿ ಹಾಗೆಯೇ ಆಯಿತು. ಕಲಿಸಿದ ಹಾಗೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಎಣಿಸಿ, ಬೋಲ್ಟ್ ಎಳೆದು ತೋಟೆ ತೆಗೆದೆ. ಅಂಚಿನಲ್ಲಿ ಪಿನ್ನಿನ ಕಚ್ಚು ಕಾಣುತ್ತಿತ್ತು. ರೇಂಜ್ ಆಫೀಸರಿಗೆ ಒಪ್ಪಿಸುವುದು ಬಿಟ್ಟು, ಮನೆಗೆ ಹೋಗಿ ಲೆನ್ಸಿನಲ್ಲಿ ನೋಡೋಣವೆಂದು ಜೇಬಿಗೆ ಹಾಕಿದೆ. ಎಂಜಿನಿಯರ್ ಬುದ್ಧಿ. ಹೊರಗೆ ಬಂದು ಕೈ ತೊಳೆದು (ಸೀಸ ಮುಟ್ಟಿದ ಕೈಯಲ್ಲಿ ವಡಾಪಾವ್ ತಿನ್ನಬಾರದು) ಟ್ಯಾಕ್ಸಿ ಹತ್ತುವಷ್ಟರಲ್ಲಿ ಮರೆತೇ ಹೋಗಿತ್ತು. ಒಮ್ಮೆ ಹೊತ್ತದ ತೋಟೆ ಎರಡನೇ ಪೆಟ್ಟಿಗೆ ಹೊತ್ತಿಕೊಳ್ಳಬಹುದು. ಸತ್ತ ತೋಟೆ ಎಂಬುದಿಲ್ಲ.

ಆಟಿಕೆಯಂತೆ ಕಾಣುತ್ತದಲ್ಲ, ಅದೇ ಇದರ ಕಷ್ಟ. ಹೆಗಲಿಗೆ ಪೆಟ್ಟಿಲ್ಲ, ಸದ್ದೂ ಕಡಿಮೆ. ಆದರೆ ಆ ಎರಡೂವರೆ ಗ್ರಾಮ್ ಸೀಸ ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ನಮ್ಮ ಬಾಲ್ಕನಿಯಿಂದ ಅಷ್ಟು ದೂರಕ್ಕೆ ವೃತ್ತ ಎಳೆದರೆ ಸ್ಟೇಷನ್, ಜೈಲು, ರಾಣಿಬಾಗ್ ಎಲ್ಲವೂ ಒಳಗೆ ಬರುತ್ತವೆ.

ಹಾಗಾಗಿ ಮನೆಯಲ್ಲಿ ರೈಫಲನ್ನು ಕೈಗೆತ್ತಿಕೊಳ್ಳುವುದು ಒರೆಸಲಿಕ್ಕೆ ಮಾತ್ರ. ಖಾಲಿ ರೈಫಲಿನ ಕುದುರೆ ಎಳೆದು ಅಭ್ಯಾಸ ಮಾಡುವ ಚಟ ನನಗಿತ್ತು, ಅದನ್ನೂ ಬಿಟ್ಟೆ. ರಿಮ್‌ಫೈರಿನ ಕೆಲವು ಮಾದರಿಗಳಲ್ಲಿ ತೋಟೆ ಇಲ್ಲದಿದ್ದರೆ ಪಿನ್ನು ನೇರ ನಳಿಗೆಯ ಬಾಯಂಚಿಗೇ ಬಡಿದು ಕಚ್ಚು ಬೀಳಿಸುತ್ತದೆ. ನಳಿಗೆಯನ್ನು ಹಿಂದಿನಿಂದ ಮುಂದಕ್ಕೆ ಒರೆಸಬೇಕು, ಅದೂ ಅತಿಯಾಗಿ ಬೇಡ. ತೋಟೆಯ ಬ್ರ್ಯಾಂಡ್ ಬದಲಿಸಿದರೆ ಗುರಿಯೂ ಜರುಗುತ್ತದೆ, ಮತ್ತೆ ಸೈಟ್ ಹೊಂದಿಸಬೇಕು. ಆದ್ದರಿಂದ ಒಂದನ್ನೇ ಹಿಡಿದುಕೊಳ್ಳಿ.

ಆ ರಾತ್ರಿ ತೋಟೆಯನ್ನು ಬೀಗದ ಪೆಟ್ಟಿಗೆಗೆ ಸೇರಿಸಿ, ಊರಿಂದ ಬಂದ ಮೇಲೆ ರೇಂಜಿಗೆ ಒಪ್ಪಿಸಿದೆ. ಸರಿಯಾಗಿ ಬೈಸಿಕೊಂಡೆ. ಈಗ ರೈಫಲ್ ಒಂದು ಕಪಾಟಿನಲ್ಲಿ, ಬೋಲ್ಟ್ ಇನ್ನೊಂದರಲ್ಲಿ, ತೋಟೆ ಮೂರನೆಯ ಕಡೆ ಬೀಗದೊಳಗೆ. 50ರ ಪೆಟ್ಟಿಗೆ ತೆರೆದರೆ ಹೊಡೆದದ್ದು, ಹೊತ್ತದ್ದು, ಉಳಿದದ್ದು ಮೂರನ್ನೂ ರೇಂಜಿನಲ್ಲೇ ಚೀಟಿಯಲ್ಲಿ ಬರೆದು ಕೂಡಿಸುತ್ತೇನೆ. ಮನೆಗೆ ಬಂದರೆ ಚಪ್ಪಲಿ ಬಿಡುವ ಮುಂಚೆಯೇ ಹೆಂಡತಿ ಕೇಳುತ್ತಾಳೆ, "ಚೀಟಿ ಎಲ್ಲಿ? ಜೇಬು ತೋರಿಸಿ."