ಉಪಭೋಗವು ಭೋಗವಾಗಬಾರದು

ಶ್ರಾವಕನು ಬಳಸುವ ವಸ್ತುಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡಾಗಿ ವಿಂಗಡಿಸಿದ್ದಾರೆ. ಅನ್ನದಂತೆ ಒಂದೇ ಬಾರಿಗೆ ಮುಗಿದುಹೋಗುವಂಥದು ಭೋಗ. ವಸ್ತ್ರದಂತೆ ಪುನಃ ಪುನಃ ಉಪಯೋಗಕ್ಕೆ ಬರುವಂಥದು ಉಪಭೋಗ. ಇಂದಿನ ಉಡುಪಿನ ವ್ಯಾಪಾರವು ಈ ಭೇದವನ್ನೇ ಅಳಿಸಿಹಾಕಿದೆ. ಒಂದು ಮದುವೆಗೆ ಕೊಂಡ ಸೀರೆ ಇನ್ನೊಂದು ಮದುವೆಗೆ ಬಾರದು; ಒಮ್ಮೆ ಮೊಬೈಲಿನ ಚಿತ್ರದಲ್ಲಿ ಕಾಣಿಸಿಕೊಂಡ ಅಂಗಿ ಮರುದಿನಕ್ಕೆ ಹಳತು. ವಸ್ತ್ರವು ಅನ್ನದಂತೆ ಉಂಡು ಬಿಡುವ ಪದಾರ್ಥವಾಗಿದೆ.

ಇದಕ್ಕೆ ಪರಿಹಾರವೆಂದು ವಿದ್ಯಾರ್ಥಿಗಳು ಮೊಬೈಲಿನಲ್ಲಿ ನಡೆಯುವ ಸಾಧನಗಳನ್ನು ರೂಪಿಸುತ್ತಿದ್ದಾರೆ. ಬಳಸಿದ ಉಡುಪಿನ ಚಿತ್ರ, ಅಳತೆ, ಬಟ್ಟೆಯ ಬಗೆಯನ್ನು ದಾಖಲಿಸಿದರೆ ಬೇಕಾದವರು ಅದನ್ನು ಪಡೆಯಬಹುದು. ಲಿಥುವೇನಿಯಾದಲ್ಲಿ 2008ರಲ್ಲಿ ಹುಟ್ಟಿದ ‘ವಿಂಟೆಡ್’ ಇದೇ ಮಾರ್ಗದಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು. ನಮ್ಮ ಹಿರಿಯರಲ್ಲಿ ಅನೇಕರು, “ಪರರು ಉಟ್ಟದ್ದನ್ನು ಉಡುವುದೇ? ಮೈಲಿಗೆಯಲ್ಲವೇ?” ಎಂದು ಕೇಳುತ್ತಾರೆ. ಹೊಸ ಬಟ್ಟೆ ನಿರ್ಮಲವೆಂದು ಅವರಿಗೆ ಹೇಳಿದವರು ಯಾರು? ಒಂದು ಹತ್ತಿಯ ಅಂಗಿಯ ಹಿಂದೆ ಸುಮಾರು 2,700 ಲೀಟರ್ ನೀರಿನ ವ್ಯಯವಿದೆಯೆಂದು ಪರಿಸರ ತಜ್ಞರು ಅಂದಾಜಿಸಿದ್ದಾರೆ. ರೇಷ್ಮೆಯ ಎಳೆಗಾಗಿ ಗೂಡಿನೊಳಗಿನ ಹುಳುವನ್ನು ಬಿಸಿಯಿಂದ ಕೊಲ್ಲುವುದನ್ನು ನಾವೆಲ್ಲ ಬಲ್ಲೆವು. ಪರರು ಉಟ್ಟ ಮೈಲಿಗೆ ಒಗೆದರೆ ಹೋಗುತ್ತದೆ. ಈ ಹಿಂಸೆ ಯಾವ ನೀರಿನಲ್ಲಿ ಹೋದೀತು?

ಆದರೆ ಈ ಸಾಧನಗಳನ್ನು ಕೇವಲ ಹೊಗಳುವವರೊಡನೆಯೂ ನನ್ನ ವಾದವಿದೆ. ಅಲ್ಮೇರಾವನ್ನು ಸುಲಭವಾಗಿ ಬರಿದು ಮಾಡುವ ಉಪಾಯವು ಅದನ್ನು ಮತ್ತೆ ತುಂಬುವುದಕ್ಕೆ ಅಪ್ಪಣೆಯೂ ಆಗುತ್ತದೆ. ಹಳತನ್ನು ಮಾರಿದ ಹಣ ಹೊಸತಕ್ಕೆ ಹೋದರೆ ಪರಿಗ್ರಹವು ಕೈ ಬದಲಾಯಿಸಿತೇ ಹೊರತು ಕಡಿಮೆಯಾಗಲಿಲ್ಲ. ಮೂರ್ಛೆಯೇ, ಅಂದರೆ ಮಮತ್ವವೇ, ಪರಿಗ್ರಹವೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಬಣಕಲ್ ಸುತ್ತಿನ ಮನೆಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಉಡದೆ ಮಡಿಸಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಹುಳು ಸೇರುತ್ತದೆ. ಅದಕ್ಕೆ ನಾವು ನುಸಿಗುಳಿಗೆ ಇಡುತ್ತೇವೆ. ಸಂಜೆಯಾದ ಮೇಲೆ ಉಣ್ಣದವರು, ನೀರನ್ನು ಸೋಸಿ ಕುಡಿಯುವವರು, ಉಡದ ಬಟ್ಟೆಯ ರಕ್ಷಣೆಗಾಗಿ ಮನೆಯೊಳಗೆ ವಿಷವನ್ನಿಟ್ಟುಕೊಂಡಿದ್ದೇವೆ!

“ನಾವು ದಾನ ಮಾಡುತ್ತೇವಲ್ಲ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ತೋಟದ ಮನೆಯ ಹಳೆಯ ತುಂಬುತೋಳಿನ ಅಂಗಿ ಲೈನ್ ಮನೆಗೆ ಹೋಗುವುದು ಈ ಸೀಮೆಯ ಹಳೆಯ ರೂಢಿ. ಕಾಫಿ ಹಣ್ಣು ಕೊಯ್ಯುವ ಹೆಂಗಸರು ಸೀರೆಯ ಮೇಲೆ ಅದನ್ನು ತೊಟ್ಟು ಕೆಂಜಿಗದ ಕಡಿತದಿಂದ ಪಾರಾಗುತ್ತಾರೆ. ಆ ಅಂಗಿಯ ಎರಡನೆಯ ಬಾಳು ಸಾರ್ಥಕವೇ. ಆದರೆ ಹರಿದದ್ದನ್ನೂ ಗುಂಡಿಯಿಲ್ಲದ್ದನ್ನೂ ಗಂಟು ಕಟ್ಟಿ ಸಾಗಹಾಕುವುದು, ಅದನ್ನು ಕೂಲಿಗೆ ಸಲ್ಲಬೇಕಾದ ಉಪಕಾರವೆಂದು ಲೆಕ್ಕ ಹಿಡಿಯುವುದು ದಾನವಲ್ಲ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ದಾನದ ಫಲದಲ್ಲಿ ತಾರತಮ್ಯವುಂಟೆಂಬುದನ್ನು ನಮ್ಮ ಶಾಸ್ತ್ರಕಾರರು ಹೇಳಿಯೇ ಇದ್ದಾರೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಕಳುಹಿಸಿದ ಹಳೆಯ ಬಟ್ಟೆಗಳು ರಸ್ತೆಯ ಬದಿಯಲ್ಲಿ ರಾಶಿ ಬಿದ್ದವು. ಸರ್ವಸ್ವ ಕಳೆದುಕೊಂಡವರೂ ಅವನ್ನು ಮುಟ್ಟಲಿಲ್ಲ. 1999ರಲ್ಲಿ ದೆಹಲಿಯಲ್ಲಿ ಆರಂಭವಾದ ‘ಗೂಂಜ್’ ಸಂಸ್ಥೆಯು ಬಟ್ಟೆಯನ್ನು ವಿಂಗಡಿಸಿ, ದುರಸ್ತಿ ಮಾಡಿ, ಹಳ್ಳಿಗರು ತಮ್ಮೂರಿಗಾಗಿ ಮಾಡಿದ ಕೆಲಸಕ್ಕೆ ಗೌರವವಾಗಿ ಅರ್ಪಿಸುತ್ತದೆ. ಪಡೆಯುವವನ ತಲೆ ತಗ್ಗದಿರುವುದೇ ಅಲ್ಲಿನ ವಿಧಿ.

ಆದುದರಿಂದ ಇಂಥ ಸಾಧನವನ್ನು ರಚಿಸುವ ನಮ್ಮ ಮಕ್ಕಳಲ್ಲಿ ಮೂರು ಬೇಡಿಕೆಗಳನ್ನಿಡೋಣ. ಮೊದಲನೆಯದು, ಅದು ಮಾರುಕಟ್ಟೆಯಾಗುವ ಮುನ್ನ ಲೆಕ್ಕದ ಪುಸ್ತಕವಾಗಲಿ. ಪ್ರತಿಯೊಬ್ಬನೂ ತನಗೆ ಸಾಕಾದ ಉಡುಪುಗಳ ಸಂಖ್ಯೆಯನ್ನು ತಾನೇ ನಿಶ್ಚಯಿಸಿ ಬರೆಯಲಿ. ಮಿತಿ ಮೀರಿದಾಗ ಸಾಧನವು ಎಚ್ಚರಿಸಲಿ. ಎರಡನೆಯದು, ಆಯ್ಕೆ ಪಡೆಯುವವನದಾಗಲಿ; ಅವನ ಹೆಸರೂ ಚಿತ್ರವೂ ಪ್ರದರ್ಶನಕ್ಕೆ ಬಾರದಿರಲಿ. ಮೂರನೆಯದು, ಮೊಬೈಲ್ ಇಲ್ಲದವರನ್ನೂ ಸಿಗ್ನಲ್ ಸಿಗದ ತೋಟಗಳನ್ನೂ ಅದು ಮರೆಯದಿರಲಿ. ಇದಕ್ಕಾಗಿ ಬಸದಿಗಳ ಆಡಳಿತ ಮಂಡಳಿಗಳು ಹೊರ ಆವರಣದಲ್ಲಿ ಒಂದು ಕೊಠಡಿಯನ್ನೂ ಒಂದು ಹೊಲಿಗೆ ಯಂತ್ರವನ್ನೂ ಒದಗಿಸಿದರೆ ಸಾಕು.

“ವ್ರತವನ್ನು ಯಂತ್ರಕ್ಕೆ ಒಪ್ಪಿಸುವುದೇ?” ಎಂಬ ಆಕ್ಷೇಪ ಬಂದೇ ಬರುತ್ತದೆ. ವ್ರತ ನಮ್ಮದು, ಯಂತ್ರದ್ದು ಎಣಿಕೆ ಮಾತ್ರ. ಪರಿಗ್ರಹ ಪರಿಮಾಣವೆಂಬ ಅಣುವ್ರತದ ಹೆಸರಿನಲ್ಲಿಯೇ ಅಳತೆಯಿದೆ. ಎಣಿಸದವನು ಮಿತಿಯನ್ನು ಹೇಗೆ ಪಾಲಿಸಿಯಾನು? ಕಾಫಿಯ ಮೂಟೆಗೆ ನಮ್ಮಲ್ಲಿ ಲೆಕ್ಕವಿದೆ, ಮೆಣಸಿನ ಚೀಲಕ್ಕೆ ಲೆಕ್ಕವಿದೆ. ತನ್ನ ಅಲ್ಮೇರಾದಲ್ಲಿ ಎಷ್ಟು ಉಡುಪುಗಳಿವೆಯೆಂದು ತಟ್ಟನೆ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಹನ್ನೊಂದನೆಯ ಪ್ರತಿಮೆಯಲ್ಲಿ ಕ್ಷುಲ್ಲಕರಿಗೆ ಕೌಪೀನದೊಡನೆ ಒಂದು ವಸ್ತ್ರ, ಐಲಕರಿಗೆ ಕೌಪೀನ ಮಾತ್ರ. ಮುನಿಗಳಿಗೆ ಅದೂ ಇಲ್ಲ. ನಾವು ಗೃಹಸ್ಥರು ಅಷ್ಟು ದೂರ ಹೋಗಲಾರೆವು. ಆದರೆ ಅವರ ಪಾದಕ್ಕೆರಗಿ ಬಂದು ಅವರಿಗೆ ಬೆನ್ನು ಮಾಡಿ ನಡೆಯುವುದು ಬೇಡ. ಬರುವ ದಶಲಕ್ಷಣ ಪರ್ವದಲ್ಲಿ, ಉತ್ತಮ ತ್ಯಾಗದ ದಿನ ಉಡಲು ಯೋಗ್ಯವಾದದ್ದನ್ನು ಕೊಡೋಣ. ಮರುದಿನ, ಉತ್ತಮ ಆಕಿಂಚನ್ಯದಂದು, ಉಳಿದದ್ದನ್ನು ಮನೆಮಂದಿಯೆಲ್ಲ ಕುಳಿತು ಎಣಿಸೋಣ. ಆ ಸಂಖ್ಯೆಯನ್ನು ಮಕ್ಕಳ ಕೈಯಿಂದಲೇ ಬರೆಸೋಣ.